ಅಡ್ಡಡ್ಡ ನಡೆಯುವ ಡೇವಿ ಸಾಹೇಬರು

ಡೇವಿ ಸಾಹೇಬರು ನೆಟ್ಟಗೆ ನಡೆದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಕಮಲಾಪುರದ ಸಂತೆಯಲ್ಲಿ ಹೋಗುವಾಗಲೂ ಒಂದು ಭುಜ ಮುಂದೆ, ಒಂದು ಭುಜ ಹಿಂದೆ, ಏಡಿಯ ಹಾಗೆ ಅಡ್ಡಡ್ಡ. ಆರೂಕಾಲು ಅಡಿಯ ಬಿಳಿ ಮನುಷ್ಯ ಹಾಗೆ ಬರುವುದು ಕಂಡರೆ ಸೊಪ್ಪು ಮಾರುವ ಹೆಂಗಸರು ಬುಟ್ಟಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಎಮ್ಮೆ ಎದುರಾದರೆ ಮಾತ್ರ ಇಬ್ಬರಿಗೂ ಪೇಚು. ಎಮ್ಮೆ ಎಡಕ್ಕೆ ಸರಿದರೆ ಇವರೂ ಎಡಕ್ಕೆ, ಅದು ಬಲಕ್ಕೆ ಬಂದರೆ ಇವರೂ ಬಲಕ್ಕೆ. ದಾರಿ ಬಿಡುವ ಬುದ್ಧಿಯೇ ಆ ಮೈಯಲ್ಲಿ ಇರಲಿಲ್ಲ. ಇಪ್ಪತ್ತು ವರ್ಷ ಬೇರೆಯವರ ದಾರಿ ಕಟ್ಟುವುದೇ ಅವರ ಉದ್ಯೋಗವಾಗಿತ್ತು. ಸ್ಕಾಟ್ಲೆಂಡ್ ಎಂಬ ದೇಶದಲ್ಲಿ ಅವರು ಸಂಬಳಕ್ಕೆ ಫುಟ್‌ಬಾಲ್ ಆಡುತ್ತಿದ್ದರು. ಗೋಲು ಹೊಡೆಯುವವರಲ್ಲ, ಹೊಡೆಯಲು ಬಂದವರನ್ನು ತಡೆಯುವವರು. ಡಿಫೆಂಡರ್.

ಇವತ್ತು ಬೆಳಿಗ್ಗೆ ನನ್ನ ಮೊಮ್ಮಗಳು ಹುಲಿಗೆಮ್ಮನ, ನಮ್ಮ ಹುಲಿಗಿಯ, ಹೆಸರು ರಾಜ್ಯದ ಹುಡುಗಿಯರ ತಂಡದ ಪಟ್ಟಿಯಲ್ಲಿ ಬಂತು. ಡಬ್ಬಿಯಲ್ಲಿದ್ದ ಸಕ್ಕರೆಯೆಲ್ಲ ಓಣಿಯವರ ಬಾಯಿಗೆ ಹೋಗಿ, ನಾವು ಮನೆಯವರು ಬೆಲ್ಲದ ಚಹಾ ಕುಡಿದೆವು. ಹಾಲಿನವನಿಗೆ ಹೇಳಿದೆ, ಕರೆಂಟ್ ಬಿಲ್ಲಿನವನಿಗೆ ಹೇಳಿದೆ, ಹಂಪಿಗೆ ಹೋಗುವ ಬಸ್ಸಿನ ಕಂಡಕ್ಟರನನ್ನು ನಿಲ್ಲಿಸಿ ಹೇಳಿದೆ, ಬಸ್ಸಿನೊಳಗಿನವರು ನಕ್ಕರೆ ನಗಲಿ. ಬಂದವರೆಲ್ಲ ಒಂದೇ ಮಾತು ಕೇಳುತ್ತಾರೆ, ಈ ಹುಡುಗಿಗೆ ಈ ಆಟ ಕಲಿಸಿದವರು ಯಾರು ಅಂತ. ಅವರ ಸಲುವಾಗಿ ಇದನ್ನು ಬರೆಯಲು ಕೂತಿದ್ದೇನೆ.

ಡೇವಿ ಸಾಹೇಬರನ್ನು ನಮ್ಮ ಮನೆಗೆ ತಂದವನು ನನ್ನ ಮಗ, ಹುಲಿಗಿಯ ಅಪ್ಪ ಪಂಪಾಪತಿ. ಹಂಪಿಯಲ್ಲಿ ಆಟೋ ಓಡಿಸುತ್ತಾನೆ, ಪ್ರವಾಸಿಗರ ಜೊತೆ ಮಾತಾಡಿ ಮಾತಾಡಿ ಇಂಗ್ಲಿಷ್ ಕಲಿತಿದ್ದಾನೆ. ನಮ್ಮ ಮಾಳಿಗೆಯ ಮೇಲೆ ಒಂದು ಕೋಣೆ ಇದೆ. ಒಂದು ವಾರಕ್ಕೆ ಅಂತ ಬಂದವರು ಚಳಿಗಾಲ ಮುಗಿಯುವವರೆಗೆ ಇದ್ದರು. ಅವರ ಊರಿನ ಚಳಿಗೆ ಮೊಣಕಾಲು ಕೇಳುತ್ತಿರಲಿಲ್ಲವಂತೆ. ಮರುವರ್ಷ ನವೆಂಬರಿನಲ್ಲಿ ಮತ್ತೆ ಬಂದರು. ಹಾಗೆ ಐದು ಚಳಿಗಾಲ.

ಪಂಪಾಪತಿ ನನ್ನನ್ನು ಕರೆಯುವುದು ಕೇಳಿ ಅವರೂ ನನ್ನನ್ನು ಅವ್ವ ಅಂದರು. ನನಗಿಂತ ಎರಡೋ ಮೂರೋ ವರ್ಷ ಚಿಕ್ಕವರು ಅಷ್ಟೆ. ಕಲಿತ ಕನ್ನಡ ಇಪ್ಪತ್ತು ಮಾತು. ಅದರಲ್ಲಿ ಅರ್ಧ ನಾನು ಎಮ್ಮೆಗೆ ಅನ್ನುತ್ತಿದ್ದ ಮಾತು. ಬೆಳಿಗ್ಗೆ ಮೆಟ್ಟಿಲಿಳಿದು ಬರುವಾಗ ಬಾಗಿಲ ಚೌಕಟ್ಟಿಗೆ ಹಣೆ ಬಡಿಯುತ್ತಿತ್ತು. ಐದು ವರ್ಷವೂ ಬಡಿಯಿತು. ಬಗ್ಗಿ ಬರ್ರಿ ಅಂದರೆ ಹಣೆಯ ಮೇಲಿನ ಹೊಲಿಗೆಯ ಗುರುತು ತೋರಿಸಿ ನಗುತ್ತಿದ್ದರು. ಅಲ್ಲಿ ಏಳೆಂಟು ಗುರುತು ಇದ್ದವು, ಹಳೆಯ ಗೋಣಿಚೀಲ ಹೊಲಿದ ಹಾಗೆ.

ಹೆಂಡತಿ ಇಲ್ಲ, ಮಕ್ಕಳಿಲ್ಲ. ಐದು ವರ್ಷದಲ್ಲಿ ಅವರಿಗೆ ಒಂದೂ ಫೋನು ಬಂದದ್ದು ನಾನು ಕೇಳಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು, ಕರೆಯದಿದ್ದರೆ ಇಲ್ಲ. ಬಂದರೆ ಗೋಡೆಗೆ ಬೆನ್ನು ಹಚ್ಚಿ, ಬಾಗಿಲಿಗೆ ಮುಖ ಮಾಡಿ ಕೂತು, ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ ಉಂಡು, ತಟ್ಟೆ ತಾವೇ ತೊಳೆದಿಡುವರು. ಶನಿವಾರ ಸಂಜೆ ಮಾತ್ರ ಕರೆದರೂ ಬರುತ್ತಿರಲಿಲ್ಲ. ಆ ದಿನ ದೀಪ ಹಚ್ಚುವ ಹೊತ್ತಿಗೆ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು, ಮಾಳಿಗೆಯ ಮೇಲೆ ಕುರ್ಚಿ ಹಾಕಿ ಕೂರುವರು. ಫೋನನ್ನು ಕಿವಿಗೆ ಹಿಡಿದು ತಮ್ಮ ಹಳೆಯ ಟೀಮಿನ ಆಟ ಕೇಳುವರು. ಮದುವೆಗೆ ಹೊರಟವರ ಹಾಗೆ ಸಿಂಗಾರ ಮಾಡಿಕೊಂಡು ಒಬ್ಬರೇ ಕತ್ತಲಲ್ಲಿ ಕೂತಿರುವುದನ್ನು ನಾನು ಅಂಗಳದಿಂದ ನೋಡುತ್ತಿದ್ದೆ. ನನ್ನ ಯಜಮಾನರು ತೀರಿಕೊಂಡ ವರ್ಷ ನಾನೂ ಹೊಸ ಸೀರೆ ಉಟ್ಟು ಎಲ್ಲಿಗೂ ಹೋಗದೆ ಕೂತಿದ್ದು ಇತ್ತು. ಆ ಮಾತು ನಾನು ಯಾರಿಗೂ ಹೇಳಿಲ್ಲ.

ಅವರ ಜೀವನ ನನಗೆ ಗೊತ್ತಾದದ್ದು ಚೂರು ಚೂರಾಗಿ, ಪಂಪಾಪತಿಯ ಬಾಯಿಂದ. ಅವರಪ್ಪ ಕಲ್ಲಿದ್ದಲ ಗಣಿಯಲ್ಲಿ ದುಡಿದವರು. ಒಂದು ಸಲ ಸಂಡೂರಿಗೆ ಕರೆದುಕೊಂಡು ಹೋದಾಗ, ಅದಿರಿನ ಲಾರಿಗಳಿಂದ ಎದ್ದ ಕೆಂಪು ಧೂಳು ಎಲೆಗಳ ಮೇಲೆ ಕೂತದ್ದು ನೋಡಿ ಅವರು ಆಟೋದಿಂದ ಇಳಿದು ಬಹಳ ಹೊತ್ತು ನಿಂತರಂತೆ. ನಮ್ಮೂರಿನದು ಕರಿ, ನಿಮ್ಮದು ಕೆಂಪು, ಅಷ್ಟೇ ಫರಕು ಅಂದರಂತೆ. ಹದಿನಾರಕ್ಕೆ ಗಣಿಗೆ ಇಳಿಯಬೇಕಾದವರನ್ನು ಕಡಲ ದಂಡೆಯ ಒಂದು ಊರಿನ ಟೀಮು ಎತ್ತಿಕೊಂಡಿತು. ಅಲ್ಲಿ ಹದಿಮೂರು ವರ್ಷ. ಒಂದೇ ಒಂದು ಸಲ ದೇಶದ ಟೀಮಿಗೆ ಕರೆ ಬಂತು. ದೇಶದ ಅಂಗಿ ತೊಟ್ಟು ಆಟ ಮುಗಿಯುವವರೆಗೆ ಬೆಂಚಿನ ಮೇಲೆ ಕೂತರು. ಒಳಗೆ ಕರೆಯಲಿಲ್ಲ. ಆ ಅಂಗಿಗೆ ಮಣ್ಣೇ ತಾಗಿಲ್ಲ ಅವ್ವ, ಒಗೆಯೋ ಕೆಲಸಾನೇ ಬರಲಿಲ್ಲ ಅಂತ ಪಂಪಾಪತಿಯಿಂದ ಹೇಳಿಸಿದರು. ಆಮೇಲೆ ಮೊಣಕಾಲು ಹೋಯಿತು. ದೊಡ್ಡ ಟೀಮಿನಿಂದ ಸಣ್ಣದಕ್ಕೆ, ಸಣ್ಣದರಿಂದ ಇನ್ನೂ ಸಣ್ಣದಕ್ಕೆ. ಕೊನೆಗೆ ಒಂದು ಅಂಗಡಿಯ ಬಾಗಿಲಲ್ಲಿ ಕಾವಲು. ಅಲ್ಲಿಯೂ ತಡೆಯುವ ಕೆಲಸವೇ.

ಹುಲಿಗಿ ಅವರ ಹಿಂದೆ ಬಿದ್ದದ್ದು ಹನ್ನೊಂದನೆಯ ವಯಸ್ಸಿಗೆ. ಶಾಲೆಯ ಹಿಂದಿನ ಬಯಲಿನಲ್ಲಿ ಹುಡುಗರು ಇವಳನ್ನು ಆಟಕ್ಕೆ ಸೇರಿಸುತ್ತಿರಲಿಲ್ಲ. ಸಾಹೇಬರು ಹೋಗಿ ಇವಳನ್ನು ಗೋಲಿನ ಮುಂದೆ ನಿಲ್ಲಿಸಿ, ಈಗ ಬರ್ರಿ ಅಂದರು. ಮೊದಲನೇ ದಿನ ಹುಡುಗರು ಇವಳನ್ನು ಆರು ಸಲ ದಾಟಿದರು. ತಿಂಗಳಾದ ಮೇಲೆ ದಾಟಲು ಬಂದವನು ಬೇವಿನ ಗಿಡಕ್ಕೆ ಸುತ್ತು ಹಾಕಿ ವಾಪಸು ಹೋಗುತ್ತಿದ್ದ. ಅವರ ಪಾಠ ಬಹಳ ಇರಲಿಲ್ಲ. "ನಿಂದ್ರು" ಅನ್ನುವುದು ಒಂದು. ಮುಂದಿನವರು ಓಡಲಿ, ನೀನು ನಿಂತುಕೋ ಅಂತ. ಇನ್ನೊಂದು ಮಾತು ಪಂಪಾಪತಿಯ ಹತ್ತಿರ ಕನ್ನಡ ಮಾಡಿಸಿ ಬಾಯಿಪಾಠ ಮಾಡಿದ್ದರು:

"ಚೆಂಡು ಸುಳ್ಳು ಹೇಳತೈತಿ. ಕಣ್ಣು ಸುಳ್ಳು ಹೇಳತೈತಿ. ಸೊಂಟ ಹೇಳಂಗಿಲ್ಲ. ಸೊಂಟ ನೋಡು."

ಬಯಲಿನ ನಡುವೆ ಬಿಳಿ ಮನುಷ್ಯ ನಿಂತು ಸೊಂಟ ನೋಡು, ಸೊಂಟ ನೋಡು ಅಂತ ಕೂಗಿದರೆ ನೀರಿಗೆ ಹೋಗುವ ಹೆಂಗಸರು ಏನಂದುಕೊಳ್ಳಬೇಕು. ನನ್ನ ಹತ್ತಿರ ದೂರು ಬಂತು. ನಾನು ಹೋಗಿ ನೋಡಿದೆ. ಬಾಳೆ ತೋಟಕ್ಕೆ ನುಗ್ಗುವ ದನವನ್ನು ನಾವು ತಿರುಗಿಸುವುದೂ ಹಾಗೇ, ಸೊಂಟ ತಿರುಗಿದ ಕಡೆಗೇ ಅದರ ಓಟ, ಕೊಂಬು ನೋಡುತ್ತ ನಿಂತರೆ ಅದು ಒಳಗೆ ಹೋಗಿರುತ್ತದೆ. ಸಾಹೇಬರು ಹೇಳೂದು ಖರೇ ಐತಿ, ನಿಮ್ಮ ಕೆಲಸ ನೋಡ್ಕೋರಿ ಅಂತ ಅವರನ್ನೇ ಬೈದು ಕಳಿಸಿದೆ.

ಮೂರು ವರ್ಷದಲ್ಲಿ ಹುಲಿಗಿ ಹೊಸಪೇಟೆಯ ಟೀಮಿಗೆ ಹೋದಳು. ಅಲ್ಲಿ ಗೋಲ್‌ಕೀಪರ್ ಕಂಪ್ಲಿಯ ನಾಗವೇಣಿ. ಇಬ್ಬರೂ ಒಂದೇ ಜೀವ. ಒಬ್ಬಳ ಡಬ್ಬಿ ಇನ್ನೊಬ್ಬಳು ಉಣ್ಣುವುದು, ಒಂದೇ ಹೇರ್‌ಬ್ಯಾಂಡನ್ನು ಪಾಳಿಯ ಮೇಲೆ ಹಾಕಿಕೊಳ್ಳುವುದು. ಆಟದಲ್ಲಿ ಹುಲಿಗಿ ಹಿಂದೆ ತಿರುಗಿ ನೋಡದೆಯೇ ಚೆಂಡು ಹಿಂದಕ್ಕೆ ತಳ್ಳುವಳು, ನಾಗವೇಣಿ ಅಲ್ಲೇ ಇರುವಳು. ಜನ ಚಪ್ಪಾಳೆ ಹೊಡೆಯುತ್ತಿದ್ದರು. ಸಾಹೇಬರು ಮಾತ್ರ ಹೊಡೆಯುತ್ತಿರಲಿಲ್ಲ. "ನೋಡು. ಮೊದಲ ನೋಡು," ಅಂತ ಹುಲಿಗಿಗೆ ಪ್ರತಿ ಸಲ ಹೇಳುವರು. ಅವಳು ನಗುವಳು.

ಐದನೆಯ ಚಳಿಗಾಲಕ್ಕೆ ಬಂದಾಗ ಸಾಹೇಬರು ಬೇರೆಯೇ ಆಗಿದ್ದರು. ಉಂಡು ಎದ್ದು ಹೋದವರು ಮತ್ತೆ ಬಂದು ಊಟಕ್ಕೆ ಕೂರುವರು. ನಾನು ಏನೂ ಅನ್ನದೆ ಸ್ವಲ್ಪ ಮಜ್ಜಿಗೆ ಅನ್ನ ಹಾಕುತ್ತಿದ್ದೆ. ಒಂದು ಮಧ್ಯಾಹ್ನ ಹಂಪಿಯಿಂದ ನಡೆದು ಬರಲು ಹೊರಟವರು ದಾರಿ ತಪ್ಪಿ, ಯಾರದೋ ಕಬ್ಬಿನ ಗದ್ದೆಯ ಬದುವಿನ ಮೇಲೆ ಕೂತಿದ್ದರು. ಪಂಪಾಪತಿ ಹುಡುಕಿ ಕರೆತಂದ. ದಾರಿಯಲ್ಲಿ ಅವನಿಗೆ ಹೇಳಿದರಂತೆ, ಅವರ ಊರಿನ ಡಾಕ್ಟರು ಪರೀಕ್ಷೆ ಮಾಡಿದ್ದಾರೆ, ನೆನಪು ಒಂದೊಂದಾಗಿ ಹೋಗುತ್ತದೆ ಅಂದಿದ್ದಾರೆ ಅಂತ. ಇಪ್ಪತ್ತು ವರ್ಷ ಹಣೆಯಿಂದ ಚೆಂಡು ಹೊಡೆದದ್ದಕ್ಕೆ ಇರಬಹುದಂತೆ. ಹೋಗುವುದು ಹೋಗಲಿ, ಒಂದು ಮಾತು ಮಾತ್ರ ಹೋಗುವುದರೊಳಗೆ ಒಬ್ಬರಿಗೆ ಹೇಳಬೇಕಾಗಿದೆ, ಧೈರ್ಯ ಸಾಲುತ್ತಿಲ್ಲ ಅಂದರಂತೆ. ಯಾವ ಮಾತು ಅಂತ ಆಗ ಹೇಳಲಿಲ್ಲ.

ಆ ಜನವರಿಯಲ್ಲಿ ಸಂಡೂರಿನಲ್ಲಿ ದೊಡ್ಡ ಆಟ ಇತ್ತು. ಕುರ್ಚಿ ಹಾಕಿಕೊಂಡು ಮೂವರು ಕೂತಿದ್ದರು, ರಾಜ್ಯದ ಶಿಬಿರಕ್ಕೆ ಹುಡುಗಿಯರನ್ನು ಆರಿಸುವವರು. ಕೊನೆಯ ಹತ್ತು ನಿಮಿಷ, ಎರಡೂ ಕಡೆ ಗೋಲಿಲ್ಲ. ಚೆಂಡು ಹುಲಿಗಿಯ ಕಾಲಿಗೆ ಬಂತು. ಅವಳು ಎಂದಿನ ಹಾಗೆ, ನೋಡದೆ ಹಿಂದಕ್ಕೆ ತಳ್ಳಿದಳು. ನಾಗವೇಣಿ ಅಲ್ಲಿ ಇರಲಿಲ್ಲ. ಚೆಂಡು ತೆಗೆದುಕೊಳ್ಳಲು ಎಡಕ್ಕೆ ನಾಲ್ಕು ಹೆಜ್ಜೆ ಮುಂದೆ ಬಂದಿದ್ದಳು. ಕೆಂಪು ಮಣ್ಣಿನ ಮೇಲೆ ಚೆಂಡು ಮೆಲ್ಲಗೆ, ಬೇಕಾದರೆ ಹಿಡಿ ಅನ್ನುವ ಹಾಗೆ ಉರುಳುತ್ತ ಖಾಲಿ ಗೋಲಿನೊಳಗೆ ಹೋಯಿತು.

ನಾನು ಕೊಡೆ ಎಸೆದು ಎದ್ದು ನಿಂತೆ. "ಗೋಲ್ ಕಾಯೂದು ಬಿಟ್ಟು ಎಲ್ಲಿಗೆ ಹೊಂಟಿದ್ದೆಬೇ, ದನ ಕಾಯಾಕ?" ಅಂತ ನಾಗವೇಣಿಗೆ ಬೈದೆ. ಇನ್ನೂ ಏನೇನೋ ಬೈದೆ, ಅದನ್ನು ಬರೆಯಲು ನಾಚಿಕೆಯಾಗುತ್ತದೆ. ನನ್ನ ಹಿಂದೆಯೇ ಅವಳ ತಾಯಿ ಈರಮ್ಮ ಕೂತಿದ್ದಳು. ಕೋಚ್ ಕೂಡ ನಾಗವೇಣಿಯನ್ನೇ ಬೈದರು. ಹುಲಿಗಿ ತಲೆ ತಗ್ಗಿಸಿ ನಿಂತಿದ್ದಳು, ಬಾಯಿ ಬಿಡಲಿಲ್ಲ. ಸಂಜೆ ಓದಿದ ಪಟ್ಟಿಯಲ್ಲಿ ಹುಲಿಗಿಯ ಹೆಸರು ಇತ್ತು. ನಾಗವೇಣಿಯದು ಇರಲಿಲ್ಲ.

ಮನೆಗೆ ಬಂದು ನಾನು ಹೋಳಿಗೆಗೆ ಬೇಳೆ ಇಟ್ಟೆ. ಡೇವಿ ಸಾಹೇಬರು ಉಣ್ಣಲು ಬರಲಿಲ್ಲ.

ಬೆಳಿಗ್ಗೆ ನಾನು ಅಂಗಳದಲ್ಲಿ ಶೇಂಗಾ ಹಸನು ಮಾಡುತ್ತಿದ್ದೆ. ಸಾಹೇಬರು ಬಂದು ಎದುರಿಗೆ ಕೂತು, ಹುಲಿಗಿಯನ್ನೂ ಪಂಪಾಪತಿಯನ್ನೂ ಕರೆದು, ನನ್ನ ಕೈಯಿಂದ ಮೊರ ತೆಗೆದುಕೊಂಡರು. ಎರಡು ಶೇಂಗಾ ಇಟ್ಟರು. ಇದು ನಾನು, ಇದು ಟಾಮ್ ಅಂದರು. ಟಾಮ್ ಅವರ ಟೀಮಿನ ಗೋಲ್‌ಕೀಪರ್. ಒಂಬತ್ತು ವರ್ಷ ಜೊತೆಗೆ ಆಡಿದವರು. ಇವರು ನೋಡದೆ ಚೆಂಡು ಕೊಡುವುದು, ಅವರು ಅಲ್ಲೇ ಇರುವುದು. ಒಂದು ದೊಡ್ಡ ಆಟದ ದಿನ ಇವರು ಹಾಗೇ ಕೊಟ್ಟರು, ಟಾಮ್ ಮುಂದೆ ಬಂದಿದ್ದರು. ಸಾಹೇಬರು ಶೇಂಗಾದಲ್ಲಿ ಸಿಕ್ಕ ಒಂದು ಹರಳನ್ನು ಚೆಂಡು ಮಾಡಿ ಎರಡೂ ಶೇಂಗಾ ದಾಟಿಸಿ ಮೊರದ ಅಂಚಿನಿಂದ ಕೆಳಗೆ ಬೀಳಿಸಿದರು. ಪೇಪರಿನವರು ತಪ್ಪು ಟಾಮ್‌ನದು ಅಂತ ಬರೆದರು. ಜನ ಟಾಮ್‌ನ ಮನೆಯ ಕಿಟಕಿಗೆ ಕಲ್ಲು ಹೊಡೆದರು. ಟೀಮು ಅವರನ್ನು ತೆಗೆದುಹಾಕಿತು. ಇವರನ್ನು ಕ್ಯಾಪ್ಟನ್ ಮಾಡಿತು.

ಪಂಪಾಪತಿ ಇಷ್ಟನ್ನು ಕನ್ನಡದಲ್ಲಿ ಹೇಳಿ ಮುಗಿಸಿದ. ಸಾಹೇಬರು ಹುಲಿಗಿಯ ಮುಖ ನೋಡುತ್ತ ತಮ್ಮ ಕನ್ನಡದಲ್ಲಿ ಕೇಳಿದರು.

"ನಾಗವೇಣಿ ಕೂಗಿದಳು?"

ಹುಲಿಗಿ ನೆಲ ನೋಡಿದಳು. ಆಮೇಲೆ, "ಕೂಗಿದ್ಲು. ಎಡಕ್ಕ ಅಂದ್ಲು. ನಂಗ ಕೇಳಿಸಿತ್ತು," ಅಂದಳು.

"ಟಾಮ್ ಕೂಗಿದ," ಅಂದರು ಸಾಹೇಬರು. "ನಂಗ ಕೇಳಿಸಿತ್ತು."

ಆ ಮಾತನ್ನು ಮೂವತ್ತು ವರ್ಷದಲ್ಲಿ ಅವರು ಮೊದಲ ಸಲ ಆಡಿದ್ದು ನಮ್ಮ ಅಂಗಳದಲ್ಲಿ. ಟಾಮ್‌ಗೆ ಹೇಳಬೇಕಾದ ಮಾತು ಅದೇ.

ಎಲ್ಲರೆದುರು ನಾಗವೇಣಿಗೆ ಬೈದವಳು ನಾನು. ನಮ್ಮ ಕಡೆ ಹಿರಿಯರು ಮಾಡಿಟ್ಟ ಒಂದು ರೀತಿ ಇದೆ. ತಪ್ಪು ಮಾಡಿದ ಮನೆಯವರು ಬುತ್ತಿ ಕಟ್ಟಿಕೊಂಡು ಹೋಗಬೇಕು. ಹೋಗಿ ಏನೂ ಮಾತಾಡದೆ ಮೊದಲು ನೀರು ಕೇಳಬೇಕು. ಅವರು ನೀರು ಕೊಟ್ಟರೆ ಬಾಯಿ ತೆರೆಯಬಹುದು, ಕೊಡದಿದ್ದರೆ ಬುತ್ತಿ ಬಾಗಿಲಲ್ಲಿಟ್ಟು ಬರಬೇಕು. ನಾನು ಸಜ್ಜೆ ರೊಟ್ಟಿ ಬಡಿದೆ, ನಂಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿದೆ, ಒಂದು ಚಿಪ್ಪು ಬಾಳೆಹಣ್ಣು ಇಟ್ಟುಕೊಂಡೆ. ನಾನು, ಹುಲಿಗಿ, ಸಾಹೇಬರು ಮೂವರೂ ಕಂಪ್ಲಿಯ ಬಸ್ಸು ಹತ್ತಿದೆವು.

ಈರಮ್ಮ ಭತ್ತದ ನಾಟಿಯಿಂದ ಆಗಷ್ಟೇ ಬಂದಿದ್ದಳು, ಕಾಲಲ್ಲಿ ಕೆಸರು ಆರಿರಲಿಲ್ಲ. ನಮ್ಮನ್ನು ನೋಡಿ ಒಳಗೆ ಹೋದಳು. ನಾನು ಹೊಸ್ತಿಲ ಹೊರಗೆ ನಿಂತು, "ಕುಡಿಯಾಕ ನೀರು ಕೊಡವ್ವ," ಅಂದೆ. ನೀರು ಬರಲಿಲ್ಲ. ಸಾಹೇಬರು ಕಟ್ಟೆಯ ಮೇಲೆ ಕೆಟ್ಟ ಮೊಣಕಾಲು ಚಾಚಿ ಕೂತರು. ಓಣಿಯ ಮಂದಿ ಕೂಡಿತು. ಬಿಸಿಲು ಕಟ್ಟೆಯಿಂದ ಇಳಿದು ಬೀದಿಗೆ ಹೋಗುವವರೆಗೆ ನಿಂತೇ ಇದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಂತದ್ದಿಲ್ಲ.

ಕೊನೆಗೆ ಚೊಂಬು ಹಿಡಿದು ಬಂದವಳು ನಾಗವೇಣಿ. ಮುಖ ಗಂಟು ಹಾಕಿಕೊಂಡೇ, "ನಿಮ್ಮ ಬಾಯಿ ಭಾಳ ದೊಡ್ಡದೈತಿ ಅಜ್ಜಿ, ಚೊಂಬು ಸಾಲತೈತೋ ಇಲ್ಲೋ," ಅಂದಳು.

"ಕೊಡ ಇದ್ರ ಕೊಡವ್ವ, ಕುಡಿತೀನಿ," ಅಂದೆ.

ಒಳಗೆ ಈರಮ್ಮ ನಕ್ಕದ್ದು ಕೇಳಿಸಿತು. ಹುಲಿಗಿ ಎಲ್ಲರ ಎದುರಿಗೆ ಹೇಳಿದಳು, "ತಪ್ಪು ನಂದು. ಆಕಿ ಕೂಗಿದ್ಲು, ನಾ ನೋಡ್ಲಿಲ್ಲ. ಬೈಸಿಕೊಳ್ಳಾಕತ್ತಾಗ ಸುಮ್ಮನ ನಿಂತೆ." ನಾಗವೇಣಿ ಅವಳನ್ನು ಒಂದು ಸಲ ಜೋರಾಗಿ ನೂಕಿದಳು. ಆಮೇಲೆ ಇಬ್ಬರೂ ಅತ್ತರು, ಆಮೇಲೆ ಎಲ್ಲರೂ ರೊಟ್ಟಿ ಮುರಿದೆವು. ಸಾಹೇಬರು ಎರಡು ತುತ್ತು ಉಂಡು ಹಿತ್ತಲಿಗೆ ಕೈ ತೊಳೆಯಲು ಹೋದರು. ಬಹಳ ಹೊತ್ತು ನೀರಿನ ಸದ್ದು ಕೇಳುತ್ತಿತ್ತು. ಯಾರೂ ಕರೆಯಲು ಹೋಗಲಿಲ್ಲ.

ಮರುದಿನ ಹುಲಿಗಿ ಕೋಚಿನ ಹತ್ತಿರವೂ ಹೋಗಿ ಅದೇ ಮಾತು ಹೇಳಿದಳು. ಆ ವರ್ಷ ಪಟ್ಟಿಯಿಂದ ಅವಳ ಹೆಸರೂ ಹೋಯಿತು, ನಾಗವೇಣಿಯ ಹೆಸರೂ ಸೇರಲಿಲ್ಲ. ಪಂಪಾಪತಿಗೆ ತಡೆಯಲಾಗಲಿಲ್ಲ. ಮಾಳಿಗೆ ಹತ್ತಿ ಹೋಗಿ, ನಿಮ್ಮ ಮಾತು ಕೇಳಿ ನನ್ನ ಮಗಳು ಒಂದು ವರ್ಷ ಕಳಕೊಂಡಳು ಅಂತ ಕೂಗಾಡಿದ. ಕೆಳಗೆ ನಿಂತ ನನಗೆ ಸಾಹೇಬರ ಉತ್ತರ ಕೇಳಿಸಿತು, ಕನ್ನಡದಲ್ಲೇ ಅಂದರು.

"ಒಂದು ವರ್ಷ, ಪಂಪಾ. ನಾನು ಮೂವತ್ತು."

ಫೆಬ್ರವರಿಯಲ್ಲಿಯೇ ಹೊರಟು ನಿಂತರು. ಟಾಮ್ ಎಲ್ಲಿದ್ದಾರೆ ಅಂತ ಹುಲಿಗಿಯೇ ಫೋನಿನಲ್ಲಿ ಹುಡುಕಿ ಕೊಟ್ಟಿದ್ದಳು. ಅದೇ ಕಡಲ ದಂಡೆಯ ಊರು, ಕಲ್ಲು ಬಿದ್ದಿದ್ದ ಅದೇ ಕಿಟಕಿಯ ಮನೆ. ತಿಂಗಳಾದರೂ ಕೆಡದ ಕಟಕ ರೊಟ್ಟಿ ಮಾಡಿ ಬಿಳಿ ಅರಿವೆಯಲ್ಲಿ ಕಟ್ಟಿ ಕೊಟ್ಟೆ. ಹೊಸಪೇಟೆಯ ಸ್ಟೇಷನ್ನಿನಲ್ಲಿ ಆ ಗಂಟನ್ನು ಮಗುವಿನ ಹಾಗೆ ಎದೆಗೆ ಅಪ್ಪಿಕೊಂಡು ನಿಂತಿದ್ದರು. ಎರಡು ಸಲ ಕೇಳಿದರು, ಮೊದಲು ಏನು ಮಾಡಬೇಕು ಅಂತ. ಎರಡು ಸಲವೂ ಹೇಳಿದೆ. ಮೂರನೆಯ ಸಲ ಕೇಳಿದಾಗ ಪಂಪಾಪತಿ ಅವರ ಅಂಗೈ ಹಿಡಿದು ಪೆನ್ನಿನಲ್ಲಿ ಇಂಗ್ಲಿಷಿನಲ್ಲಿ ಬರೆದ. ರೈಲು ಹೊರಟಿತು. ಅವರು ಬಾಗಿಲಲ್ಲಿ ಅಡ್ಡಡ್ಡ ನಿಂತು, ಒಂದು ಭುಜ ಮಾತ್ರ ನಮ್ಮ ಕಡೆ ಮಾಡಿ ನೋಡುತ್ತಿದ್ದರು. ನಾನು ಅವರನ್ನು ಕಣ್ಣಾರೆ ನೋಡಿದ್ದು ಅದೇ ಕೊನೆ.

ಹದಿನೈದು ದಿನ ಬಿಟ್ಟು ಪಂಪಾಪತಿಯ ಫೋನಿಗೆ ಅವರ ಧ್ವನಿ ಬಂತು. ಮೂರೇ ಮಾತು: "ಅವ್ವ, ನೀರು ಕೊಟ್ಟರು."

ಆಮೇಲಿನದನ್ನು ಟಾಮ್ ಅವರೇ ಹುಲಿಗಿಗೆ ಹೇಳಿದರು. ಬಾಗಿಲು ತೆಗೆದರೆ ಎದುರಿಗೆ ಈ ಮನುಷ್ಯ, ಹೆಸರೂ ಹೇಳದೆ ನೀರು ಕೇಳಿದ. ರೊಟ್ಟಿ ಹೆಂಚಿನ ಹಾಗೆ ಗಟ್ಟಿಯಾಗಿತ್ತು, ಚಹಾದಲ್ಲಿ ಅದ್ದಿ ತಿಂದೆವು. ತಪ್ಪು ಯಾರದು ಅಂತ ನನಗೆ ಮೊದಲಿಂದಲೂ ಗೊತ್ತಿತ್ತು, ಅವನ ಬಾಯಿಂದ ಬರಲಿ ಅಂತ ಕಾದಿದ್ದೆ ಅಂದರಂತೆ.

ಮುಂದಿನ ಚಳಿಗಾಲಕ್ಕೆ ಡೇವಿ ಸಾಹೇಬರು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅವರ ಫೋನು ಟಾಮ್ ಎತ್ತತೊಡಗಿದರು. ನವೆಂಬರ್ ಬಂದರೆ ನಾನು ಈಗಲೂ ಮಾಳಿಗೆಯ ಕೋಣೆ ಸಾರಿಸುತ್ತೇನೆ. ಬೇರೆಯವರಿಗೆ ಕೊಡು ಅಂತ ಸೊಸೆ ಹೇಳುತ್ತಾಳೆ. ಮನೆ ತುಂಬ ಮಂದಿ ಇದ್ದಾರೆ, ನಗು ಇದೆ, ಹುಲಿಗಿಯ ಬೂಟಿನ ಮಣ್ಣು ಎಲ್ಲ ಕಡೆ ಇದೆ. ಆದರೂ ಊಟಕ್ಕೆ ಕರೆಯಬೇಕಾದವರು ಒಬ್ಬರು ಕಡಿಮೆ ಅನಿಸುತ್ತದೆ.

ಇವತ್ತು ಪಟ್ಟಿಯಲ್ಲಿ ನಾಗವೇಣಿಯ ಹೆಸರೂ ಇದೆ. ಊರಿಗೆಲ್ಲ ಹೇಳಿ ಮುಗಿದ ಮೇಲೆ ಮಧ್ಯಾಹ್ನ ಹುಲಿಗಿ ವಿಡಿಯೋ ಫೋನು ಹಚ್ಚಿದಳು. ಅಲ್ಲಿ ಇನ್ನೂ ಬೆಳಿಗ್ಗೆ. ಮೊದಲು ಟಾಮ್ ಕಂಡರು, ಬೋಳುತಲೆ, ಮೊರದಷ್ಟು ಅಗಲದ ಕೈ. ಆ ಕೈ ಫೋನನ್ನು ಪಕ್ಕಕ್ಕೆ ತಿರುಗಿಸಿತು. ಕಿಟಕಿಯ ಹತ್ತಿರ ಡೇವಿ ಸಾಹೇಬರು, ಶುಭ್ರವಾದ ಅಂಗಿ, ಸಣ್ಣಗಾದ ಮುಖ. ನಾನು ತಡೆಯಲಾರದೆ, "ಸಾಹೇಬ್ರ, ನಾನ್ರಿ ಅವ್ವ. ಹುಲಿಗಿ ರಾಜ್ಯಕ್ಕ ಆಡ್ತಾಳ್ರಿ," ಅಂದೆ. ಅವರು ಬಹಳ ಮರ್ಯಾದೆಯಿಂದ ನಕ್ಕರು. ಸಂತೆಯಲ್ಲಿ ಗುರುತಿಲ್ಲದವರಿಗೆ ನಗುವ ಹಾಗೆ.

ಹುಲಿಗಿ ನನ್ನ ಕೈ ಒತ್ತಿ ಹಿಡಿದಳು. ಆಮೇಲೆ ಅವಳೇ ಇಂಗ್ಲಿಷಿನಲ್ಲಿ ಹೇಳಿದಳು, ನಮ್ಮೂರಿನ ಒಬ್ಬ ಹುಡುಗಿ ರಾಜ್ಯದ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾಗಿದ್ದಾಳೆ ಅಂತ. ಸಾಹೇಬರ ಕಣ್ಣು ಒಮ್ಮೆಲೇ ಅರಳಿದವು. ಯಾವ ಜಾಗದಲ್ಲಿ ಆಡುತ್ತಾಳೆ ಅಂತ ಕೇಳಿದರು. ಹಿಂದೆ, ಡಿಫೆಂಡರ್ ಅಂದಳು ಹುಲಿಗಿ.

ಸಾಹೇಬರು ಪಕ್ಕದಲ್ಲಿದ್ದ ಟಾಮ್ ಅವರನ್ನು ನೋಡಿ, ಮತ್ತೆ ನಮ್ಮ ಕಡೆ ತಿರುಗಿ, ನಿಧಾನವಾಗಿ ಏನೋ ಹೇಳಿದರು. ಅಲ್ಲಿ ಹಿಂದೆ ಬಹಳ ಒಂಟಿ ಅನಿಸುತ್ತದೆ, ಗೋಲ್‌ಕೀಪರ್ ಜೊತೆ ಮಾತಾಡುತ್ತ ಇರಬೇಕು ಅಂತ ಆ ಹುಡುಗಿಗೆ ಹೇಳಿ, ಅಂದರಂತೆ.

ಹೇಳುತ್ತೇನೆ ಅಂದಳು ಹುಲಿಗಿ.